ಎರಡು ಬಳೆ ಬರೆದು ಮಲಗು

ನಮ್ಮ ಮನೆಯ ಬೀರುವಿನ ಹಿಂದೆ ಒಬ್ಬಳು ಸರಸ್ವತಿ ಎಂಟು ತಿಂಗಳು ಗೋಡೆಗೆ ಮುಖ ಮಾಡಿ ನಿಂತಿದ್ದಳು.

12 ಇಂಚು ಅಗಲ, 16 ಇಂಚು ಎತ್ತರದ ಹಲಗೆ. ಮೈಸೂರು ಶೈಲಿಯ ಚಿತ್ರ. ಪೆನ್ಸಿಲ್ ಗೆರೆ ಪೂರ್ತಿ ಆಗಿತ್ತು. ಕಿರೀಟದ ಗೆಸ್ಸೋ, ಅಂದರೆ ಒಡವೆಗಳನ್ನು ಉಬ್ಬಿಸಿ ತೋರಿಸಲು ಇಡುವ ಬಿಳಿ ಸರಿ, ಅರ್ಧ ಆಗಿತ್ತು. ವೀಣೆ, ನವಿಲು, ಬಳೆ, ಸರ, ಪ್ರಭಾವಳಿ ಎಲ್ಲಾ ಬಾಕಿ. ಬಣ್ಣದ ಡಬ್ಬಿಯನ್ನಂತೂ ತೆರೆದೇ ಇರಲಿಲ್ಲ. ಧೂಳು ಕೂರದಿರಲಿ ಅಂತ ಮೇಲೊಂದು ಹಳೆಯ ದುಪ್ಪಟ್ಟಾ ಹೊದಿಸಿದ್ದೆ.

ಅದೇ ಎಂಟು ತಿಂಗಳಲ್ಲಿ ನಾನು ಒಂದು ಡೈರಿ ತುಂಬಿಸಿದ್ದೆ. ಹುರುಪು ಕೊಡುವ ಮಾತುಗಳ ಡೈರಿ. ಬೆಳಿಗ್ಗೆ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಜೊತೆ ಬಂದದ್ದು, ಆಟೋದ ಬೆನ್ನ ಮೇಲೆ ಓದಿದ್ದು, ಆಫೀಸಿನ ಗೋಡೆಯ ಕ್ಯಾಲೆಂಡರಿನಲ್ಲಿ ಕಂಡದ್ದು, ಮಗಳ ಶಾಲೆಯ ಮೆಟ್ಟಿಲ ಮೇಲೆ ಬರೆಸಿದ್ದು. ಎಲ್ಲವನ್ನೂ ಹಸಿರು ಇಂಕಿನಲ್ಲಿ ದುಂಡಗೆ ಬರೆದಿಟ್ಟಿದ್ದೆ. ಒಂದು ಭಾನುವಾರ ಸುಮ್ನೆ ಕೂತು ಎಣಿಸಿದೆ. 212 ಮಾತುಗಳಿದ್ದವು. ಆ ಎಂಟು ತಿಂಗಳಲ್ಲಿ ಸರಸ್ವತಿಯ ಮೈಮೇಲೆ ನಾನಿಟ್ಟ ಗೆಸ್ಸೋ ಒಂದು ಚುಕ್ಕಿಯೂ ಇರಲಿಲ್ಲ.

ಈ ಎರಡಕ್ಕೂ ಏನೋ ಸಂಬಂಧ ಇದೆ ಅಂತ ಅವತ್ತು ಮೊದಲ ಸಲ ಅನ್ನಿಸಿತು.

ಆ ಮಾತುಗಳನ್ನು ಹೀಗಳೆಯುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಅವು ನನಗೆ ಬೇಕಾಗಿದ್ದವು. ನಾನು ಒಂದು ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುವವಳು. ಸಂಜೆ ಕುವೆಂಪುನಗರದ ಮನೆಗೆ ಬಂದು, ಅಡುಗೆ ಮುಗಿಸಿ, ಪಾತ್ರೆ ತೊಳೆದು ಕೂರುವಾಗ ಒಂಬತ್ತು ದಾಟಿರುತ್ತದೆ. ಆ ಹೊತ್ತಿನಲ್ಲಿ ಹಲಗೆ ನೋಡಿದರೆ ಚಾಮುಂಡಿ ಬೆಟ್ಟವನ್ನು ಬುಡದಿಂದ ನೋಡಿದ ಹಾಗೆ ಆಗುತ್ತಿತ್ತು. ಡೈರಿ ತೆಗೆದು ಒಂದು ಒಳ್ಳೆಯ ಮಾತು ಬರೆದರೆ ಎದೆ ತುಂಬಿ ಬರುತ್ತಿತ್ತು. ನಾಳೆ ಖಂಡಿತ ಮಾಡುತ್ತೇನೆ ಅನ್ನಿಸುತ್ತಿತ್ತು. ಆ ಅನಿಸಿಕೆ ನಿಜವಾದದ್ದೇ. ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಎದೆ ತುಂಬಿದ ಮೇಲೆ ಕೈಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ಚಿತ್ರ ಬರೆದಷ್ಟೇ ತೃಪ್ತಿ ಚಿತ್ರ ಬರೆಯದೆಯೇ ಸಿಕ್ಕಿಬಿಡುತ್ತಿತ್ತು. ದೀಪ ಆರಿಸಿ ನೆಮ್ಮದಿಯಾಗಿ ಮಲಗುತ್ತಿದ್ದೆ.

ನಾನು ಕಲಿಯಲು ಹೋಗುವುದು ಅಗ್ರಹಾರದ ಹತ್ತಿರ ಒಬ್ಬರು ಮೇಷ್ಟ್ರ ಮನೆಗೆ. ವಯಸ್ಸಾದವರು. ಮಹಡಿಯ ಮೇಲೊಂದು ಕೋಣೆ, ಉತ್ತರಕ್ಕೆ ಕಿಟಕಿ, ನೆಲದ ಮೇಲೆ ಚಾಪೆ. ನಾವು ಐದಾರು ಜನ ಭಾನುವಾರ ಬೆಳಿಗ್ಗೆ ಹೋಗುತ್ತೇವೆ. ಹಲಗೆ ಕೆಲಸ ನಿಂತ ಮೇಲೆ ನಾನು ಹೋಗುವುದನ್ನೂ ಬಿಟ್ಟಿದ್ದೆ. ಡೈರಿ ಎಣಿಸಿದ ಮರುವಾರ ಬರಿಗೈಯಲ್ಲೇ ಹೋದೆ.

"ಹಲಗೆ ಎಲ್ಲಮ್ಮ?" ಅಂದರು.

"ಮನೇಲಿದೆ ಸಾರ್. ಯಾಕೋ ಸ್ಫೂರ್ತಿನೇ ಬರ್ತಿಲ್ಲ."

ಅವರು ಒಂದು ಪ್ರಭಾವಳಿಯ ಬಳ್ಳಿಗೆ ಗೆಸ್ಸೋ ಇಡುತ್ತಿದ್ದರು. ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಬಳ್ಳಿಯ ಸುರುಳಿ ಮುಗಿಯುವ ತನಕ ಮಾತೂ ಆಡಲಿಲ್ಲ. ಆಮೇಲೆ ಬ್ರಷ್ಷನ್ನು ನೀರಿನ ಲೋಟಕ್ಕೆ ಇಟ್ಟು ಹೇಳಿದರು.

"ಸ್ಫೂರ್ತಿ ವಿಷಯ ನನಗೆ ಗೊತ್ತಿಲ್ಲಮ್ಮ. ಬಳೆ ಎಷ್ಟಿದೆ ನಿನ್ನ ಸರಸ್ವತಿಗೆ? ದಿನಾ ಎರಡು ಬಳೆ ಬರೆದು ಮಲಗು."

ಅಷ್ಟೇ. ನನ್ನ ಡೈರಿಯ 212 ಮಾತುಗಳಲ್ಲಿ ಇಂಥದ್ದು ಒಂದೂ ಇರಲಿಲ್ಲ.

ಎರಡು ಬಳೆ ಅಂದರೆ ಎಷ್ಟು ಕೆಲಸ ಅಂತ ಈ ಚಿತ್ರಕಲೆ ಗೊತ್ತಿಲ್ಲದವರಿಗೆ ಹೇಳಬೇಕು. ಮೈಸೂರು ಚಿತ್ರದಲ್ಲಿ ಒಡವೆ, ಕಿರೀಟ, ಸಿಂಹಾಸನ, ಸೀರೆಯ ಅಂಚು ಇವೆಲ್ಲ ಹಲಗೆಯಿಂದ ಒಂದಿಷ್ಟೇ ಉಬ್ಬಿ ನಿಂತಿರುತ್ತವೆ. ತಂಜಾವೂರು ಚಿತ್ರದಲ್ಲಿ ಆ ಉಬ್ಬು ಜಾಸ್ತಿ, ಮೇಲೆ ಕಲ್ಲು, ಗಾಜು ಕೂರಿಸುತ್ತಾರೆ. ನಮ್ಮದು ಬೆರಳಾಡಿಸಿದರೆ ಗೊತ್ತಾಗುವಷ್ಟು ಮಾತ್ರ. ಆ ಉಬ್ಬಿಗೆ ಬಳಸುವ ಸರಿಯೇ ಗೆಸ್ಸೋ. ಹಿಂದಿನವರು ಮಕ್ಕಿ ಸಫೇದ ಅನ್ನುವ ಬಿಳಿ ಪುಡಿ ಬಳಸುತ್ತಿದ್ದರು. ನಾವು ಜಿಂಕ್ ಆಕ್ಸೈಡ್ ಪುಡಿಯನ್ನು ಗೋಂದಿನಲ್ಲಿ ಅರೆದುಕೊಳ್ಳುತ್ತೇವೆ. ಸರಿ ತೆಳುವಾದರೆ ಗೆರೆ ಹರಡಿಕೊಳ್ಳುತ್ತದೆ. ಗಟ್ಟಿಯಾದರೆ ಬ್ರಷ್ಷಿನಿಂದ ಇಳಿಯುವುದಿಲ್ಲ, ಇಳಿದರೂ ಒಣಗಿದ ಮೇಲೆ ಬಿರುಕು ಬಿಡುತ್ತದೆ. ತೆಳ್ಳನೆ ಬ್ರಷ್ಷಿನ ತುದಿಯಲ್ಲಿ ಒಂದು ಹನಿ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಗೆರೆಯ ಮೇಲೆ ಇಳಿಸಬೇಕು. ಒಣಗಬೇಕು. ಬೇಕಾದರೆ ಅದರ ಮೇಲೆ ಇನ್ನೊಂದು ಸುತ್ತು. ಇಡೀ ಗೆಸ್ಸೋ ಮುಗಿದ ಮೇಲೆ ಚಿನ್ನದ ರೇಕು ಅಂಟಿಸುವುದು. ಆಮೇಲೆ ಬಣ್ಣ. ಮಳೆಗಾಲದಲ್ಲಿ ಒಣಗುವುದಕ್ಕೇ ಎರಡರಷ್ಟು ಹೊತ್ತು.

ನನ್ನ ಹಲಗೆಯಲ್ಲಿ ಒಂದು ಬಳೆ ಅಂದರೆ ಅಂಗುಲಕ್ಕಿಂತ ಚಿಕ್ಕ ಕಮಾನು. ಎರಡು ಬಳೆಗೆ ಹದಿನೈದು ನಿಮಿಷ. ಸುಸ್ತಾದ ಹೆಂಗಸಿನ ಕೈಗೂ ಹದಿನೈದು ನಿಮಿಷ ಸಿಕ್ಕೇ ಸಿಗುತ್ತದೆ. ಮೇಷ್ಟ್ರಿಗೆ ಅದು ಗೊತ್ತಿತ್ತು. ಅದಕ್ಕಿಂತ ದೊಡ್ಡ ವಿಷಯ ಅಂದರೆ, ಎರಡನೇ ಬಳೆ ಮುಗಿದಾಗ ಕೈ ಬೆಚ್ಚಗಾಗಿರುತ್ತದೆ, ಮೂರನೆಯದು ತಾನಾಗಿ ಬರುತ್ತದೆ ಅನ್ನುವುದೂ ಅವರಿಗೆ ಗೊತ್ತಿತ್ತು. ಅದನ್ನು ಮಾತ್ರ ಅವರು ಹೇಳಲಿಲ್ಲ. ಹೇಳಿದ್ದರೆ ಮೂರನೆಯದೂ ನನಗೆ ಭಾರವಾಗುತ್ತಿತ್ತು.

ಅಂದಿನಿಂದ ಯೋಚಿಸುತ್ತಿದ್ದೇನೆ. ಯಾವ ಮಾತು ನಮ್ಮನ್ನು ಎಬ್ಬಿಸುತ್ತದೆ, ಯಾವುದು ಮಲಗಿಸುತ್ತದೆ?

ಡೈರಿಯನ್ನು ಮತ್ತೆ ಓದಿದೆ. ಈ ಸಲ ಬೇರೆ ಕಣ್ಣಿನಿಂದ. ಮುಕ್ಕಾಲು ಪಾಲು ಮಾತುಗಳು ಗೆಲ್ಲುವುದರ ಬಗ್ಗೆ ಇದ್ದವು. ಗುರಿ, ಸಾಧನೆ, ಶಿಖರ, ಸೋಲದೆ ನಿಲ್ಲು, ಜಗತ್ತು ನಿನ್ನ ಕಡೆ ತಿರುಗಿ ನೋಡುತ್ತದೆ. ಪರೀಕ್ಷೆಗೆ ಓದುವ ಹುಡುಗನಿಗೆ ಅದು ಸರಿ. ಅಂಗಡಿ ತೆರೆದವನಿಗೆ ಸರಿ. ಆದರೆ ನಾನು ರಾತ್ರಿ ಒಂಬತ್ತೂವರೆಗೆ ಸರಸ್ವತಿಗೆ ಬಳೆ ತೊಡಿಸಲು ಕೂತವಳು. ನನಗೆ ಗೆಲ್ಲಲು ಏನಿದೆ? ಯಾರ ಮೇಲೆ ಗೆಲ್ಲಬೇಕು? ಹವ್ಯಾಸಕ್ಕೆ ಫಲಿತಾಂಶ ಇಲ್ಲ, ಸಂಬಳ ಇಲ್ಲ, ಮೇಲಧಿಕಾರಿ ಇಲ್ಲ. ಅದೇ ಅದರ ಸುಖ. ಆ ಸುಖದ ಮೇಲೆ ಗೆಲುವಿನ ಮಾತನ್ನು ತಂದು ಇಟ್ಟರೆ ಅದೂ ಇನ್ನೊಂದು ಆಫೀಸಾಗುತ್ತದೆ. ನನಗೆ ಆದದ್ದು ಅದೇ. ಚಿತ್ರ ಎಷ್ಟು ಚೆನ್ನಾಗಿ ಬರಬೇಕು, ಯಾರಿಗೆ ತೋರಿಸಬೇಕು, ಯಾವ ಪ್ರದರ್ಶನಕ್ಕೆ ಇಡಬೇಕು ಅಂತೆಲ್ಲ ಶುರುವಾಯಿತು. ಕಿರೀಟದ ಅರ್ಧಕ್ಕೆ ಕೈ ನಿಂತುಹೋಯಿತು.

ಇದನ್ನು ತೋರಿಸುವ ಒಂದು ಹಳೆಯ ಪ್ರಯೋಗ ಇದೆ. ಮನಃಶಾಸ್ತ್ರ ಓದುವವರಿಗೆಲ್ಲ ಗೊತ್ತಿರುವಂಥದ್ದು. ಅಮೆರಿಕದಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನುವ ಮೂವರು 1973ರಲ್ಲಿ ಪ್ರಕಟಿಸಿದ್ದು. ಶಿಶುವಿಹಾರದಲ್ಲಿ ಚಿತ್ರ ಬರೆಯುವುದೆಂದರೆ ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ, ಚಿತ್ರ ಬರೆದರೆ ಬಂಗಾರದ ನಕ್ಷತ್ರ, ರಿಬ್ಬನ್ ಇರುವ ಬಹುಮಾನದ ಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ, ಬರೆದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯ ಗುಂಪಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರ ಬಿಟ್ಟು, ಮಕ್ಕಳನ್ನು ಅವರ ಪಾಡಿಗೆ ಬಿಟ್ಟು ನೋಡಿದರು. ಬಹುಮಾನದ ಆಸೆ ತೋರಿಸಿದ್ದ ಮಕ್ಕಳು ಉಳಿದವರ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಮೊದಲು ಅವೇ ಮಕ್ಕಳು ಇಷ್ಟಪಟ್ಟು ಬರೆಯುತ್ತಿದ್ದವು. ನಕ್ಷತ್ರ ಸಿಗುತ್ತದೆ ಅಂದ ಮೇಲೆ ಚಿತ್ರ ನಕ್ಷತ್ರಕ್ಕಾಗಿ ಆಯಿತು. ನಕ್ಷತ್ರ ಇಲ್ಲ ಅಂದ ದಿನ ಚಿತ್ರವೂ ಬೇಡವಾಯಿತು.

ಈ ವಿಷಯ ಓದಿದ ದಿನ ನನಗೆ ಅಳು ಬಂತು. ಆ ಮಕ್ಕಳ ಜಾಗದಲ್ಲಿ ನಾನೇ ಕಂಡೆ.

ನಮ್ಮ ಗಾದೆಯನ್ನೇ ನೋಡಿ. ಕೈ ಕೆಸರಾದರೆ ಬಾಯಿ ಮೊಸರು. ಚಿಕ್ಕಂದಿನಿಂದ ಕೇಳಿದ ಮಾತು. ನಮ್ಮಮ್ಮ ಮಂಡ್ಯದ ಕಡೆಯವರು, ಗದ್ದೆ ಕಂಡವರು. ಅವರ ಬಾಯಲ್ಲಿ ಆ ಮಾತಿಗೆ ತೂಕ ಇತ್ತು. ನಾಟಿ ಹಾಕಿದ ಕೈಗೆ ನಿಜವಾಗಲೂ ಕೆಸರು ಮೆತ್ತಿರುತ್ತಿತ್ತು. ಆದರೆ ಅದೇ ಅಮ್ಮ ಬೆಳಿಗ್ಗೆ ಐದೂವರೆಗೆ ಎದ್ದು, ಬಾಗಿಲಿಗೆ ನೀರು ಹಾಕಿ, ಅಂಗಳದಲ್ಲಿ ರಂಗೋಲಿ ಬಿಡುತ್ತಿದ್ದರಲ್ಲ, ಅದಕ್ಕೆ ಯಾವ ಮೊಸರು? ಹಾಲಿನವನ ಸೈಕಲ್ಲು ಅದರ ಮೇಲೆ ಹೋಗುತ್ತಿತ್ತು. ಮಧ್ಯಾಹ್ನಕ್ಕೆ ಕೋಳಿ ಕೆದಕಿರುತ್ತಿತ್ತು. ಮರುದಿನ ಬೆಳಿಗ್ಗೆ ತಾವೇ ಗುಡಿಸಿ, ಹೊಸದು ಬಿಡುತ್ತಿದ್ದರು. ಧನುರ್ಮಾಸದಲ್ಲಂತೂ ಬೀದಿ ಅರ್ಧ ತುಂಬುವಷ್ಟು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರಿಗೆ ಯಾವತ್ತೂ ಸ್ಫೂರ್ತಿ ಕಡಿಮೆ ಆದದ್ದನ್ನು ನಾನು ನೋಡಲಿಲ್ಲ.

ನಾನು ಚುಕ್ಕಿ ಇಡುವಾಗ ಅವಸರ ಮಾಡಿದರೆ ಅಮ್ಮ ಪಕ್ಕದಲ್ಲಿ ನಿಂತು ಹೇಳುತ್ತಿದ್ದರು. "ಗೆರೆ ಬಗ್ಗೆ ಈಗಲೇ ಯಾಕೇ ಯೋಚನೆ ಮಾಡ್ತೀಯ? ಚುಕ್ಕಿ ಸಾಲಾಗಿ ಇಡು ಸಾಕು. ಗೆರೆಗೆ ದಾರಿ ಅದೇ ತೋರಿಸುತ್ತೆ."

ಇದೂ ಮೇಷ್ಟ್ರ ಮಾತಿನ ಜಾತಿಯದೇ ಅಲ್ವಾ? ಕೈಗೆ ಕೆಲಸ ಹೇಳುವ ಮಾತು. ಮುಂದಿನ ಒಂದು ಚುಕ್ಕಿ ಎಲ್ಲಿಡಬೇಕು ಅಂತ ಹೇಳಿ ಸುಮ್ಮನಾಗುವ ಮಾತು. ಅಮ್ಮನ ಮಾತು ನನ್ನ ಡೈರಿಯಲ್ಲಿ ಇರಲಿಲ್ಲ. ಅದನ್ನು ಬರೆದಿಟ್ಟುಕೊಳ್ಳುವಂಥ ಮಾತು ಅಂತ ನಾನು ಎಣಿಸಿಯೇ ಇರಲಿಲ್ಲ.

ಆಮೇಲೆ ನಾನು ಇನ್ನೊಂದು ಕೆಲಸ ಮಾಡಿದೆ. ಡೈರಿಯಲ್ಲಿ ನನಗೆ ತುಂಬಾ ಇಷ್ಟವಾದ ಕೆಲವು ಮಾತುಗಳ ಮೂಲ ಹುಡುಕಿದೆ. ಪೂರ್ತಿ ಓದಿದೆ. ಇದು ನನ್ನ ಕಣ್ಣು ತೆರೆಸಿತು.

ಮೊದಲನೆಯದು "ಏಳಿ, ಎದ್ದೇಳಿ, ಗುರಿ ಮುಟ್ಟುವ ತನಕ ನಿಲ್ಲದಿರಿ." ಸ್ವಾಮಿ ವಿವೇಕಾನಂದರ ಮಾತು. 1892ರಲ್ಲಿ ಅವರು ನಮ್ಮ ಮೈಸೂರಿಗೂ ಬಂದಿದ್ದರು, ಚಾಮರಾಜೇಂದ್ರ ಒಡೆಯರ ಅತಿಥಿಯಾಗಿ ಇದ್ದರು. ಈ ಮಾತಿನ ಬೇರು ಕಠೋಪನಿಷತ್ತಿನಲ್ಲಿದೆ. "ಉತ್ತಿಷ್ಠತ ಜಾಗ್ರತ ಪ್ರಾಪ್ಯ ವರಾನ್ನಿಬೋಧತ." ಏಳಿ, ಎಚ್ಚರಾಗಿ, ಬಲ್ಲವರ ಹತ್ತಿರ ಹೋಗಿ ತಿಳಿದುಕೊಳ್ಳಿ ಅಂತ ಅರ್ಥ. ವಿವೇಕಾನಂದರು ಮಲಗಿದ್ದ ಒಂದು ದೇಶವನ್ನು ಎಬ್ಬಿಸಬೇಕಿತ್ತು, ಅದಕ್ಕೆ ತಕ್ಕ ಹಾಗೆ ಹೇಳಿದರು. ಆದರೆ ನನ್ನಂಥವಳಿಗೆ ಮೂಲದ ಕೊನೆಯ ಭಾಗವೇ ಬೇಕಾಗಿತ್ತು. ಬಲ್ಲವರ ಹತ್ತಿರ ಹೋಗು. ಎಂಟು ತಿಂಗಳು ನಾನು ಆ ಮಾತನ್ನು ದಿನಾ ಓದುತ್ತಾ, ಮೇಷ್ಟ್ರ ಮನೆಯ ಮೆಟ್ಟಿಲು ಹತ್ತದೆ ಇದ್ದೆ.

ಎರಡನೆಯದು "ಕಾಯಕವೇ ಕೈಲಾಸ." ಇದನ್ನು ಎಲ್ಲಿ ನೋಡಿದರೂ ಕೆಳಗೆ ಬಸವಣ್ಣನವರ ಹೆಸರು. ಆದರೆ ಈ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. "ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು" ಅಂತ ಶುರುವಾಗುತ್ತದೆ. ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಎದುರಿಗೆ ಬಂದು ನಿಂತರೂ ಹಂಗು ಹರಿಯಬೇಕು ಅನ್ನುತ್ತಾನೆ. ಇಲ್ಲಿ ದುಡಿ, ಗೆಲ್ಲು ಅನ್ನುವ ಮಾತೇ ಇಲ್ಲ. ಕೈಯಲ್ಲಿರುವ ಕೆಲಸದಲ್ಲಿ ಎಷ್ಟು ಮುಳುಗಬೇಕು ಅನ್ನುವ ಮಾತಿದೆ. ಅವತ್ತು ಬಳ್ಳಿಯ ಸುರುಳಿ ಮುಗಿಯುವ ತನಕ ನಮ್ಮ ಮೇಷ್ಟ್ರು ತಲೆ ಎತ್ತದೆ ಇದ್ದದ್ದು ನೆನಪಾಯಿತು. ಗೆಸ್ಸೋ ಇಡುವಾಗ ಕಣ್ಣು ಆಚೆ ಹೋದರೆ ಗೆರೆ ಹಾಳು. ಫೋನು ಟಿಣ್ ಅಂದರೂ ಮರೆಯಬೇಕು. ಆ ಫೋನಿನಲ್ಲಿ ಬಂದದ್ದು ಕಾಯಕದ ಬಗ್ಗೆ ಒಂದು ಚೆಂದದ ಮಾತೇ ಆಗಿದ್ದರೂ ಮರೆಯಬೇಕು.

ಹೆಸರು ಅದಲುಬದಲಾಗುವುದು ಮಾತಿಗೆ ಮಾತ್ರ ಅಲ್ಲ. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದನ್ನು ರವಿವರ್ಮನದು ಅಂತ ಹೇಳುವವರು ಈಗಲೂ ಸಿಗುತ್ತಾರೆ. ಅದನ್ನು ಬರೆದವರು ಎಸ್.ಎಲ್. ಹಲ್ದಣಕರ್, ತಮ್ಮ ಮಗಳನ್ನೇ ನಿಲ್ಲಿಸಿಕೊಂಡು. ಅದು ಜಲವರ್ಣ. ಬೆರಳ ಸಂದಿನಿಂದ ಬರುವ ಆ ಕೆಂಪು ಬೆಳಕು ನೀರಿನ ಬಣ್ಣದಲ್ಲಿ ಬಂದದ್ದು ಅಂತ ತಿಳಿದಾಗ, ಒಂದು ಗೆರೆ ತಪ್ಪಿದರೆ ತಿದ್ದಲಾಗದ ಮಾಧ್ಯಮದಲ್ಲಿ ಕೈ ಎಷ್ಟು ಶಾಂತವಾಗಿರಬೇಕು ಅಂತ ನಾನು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ನಮ್ಮ ಮೈಸೂರು ಚಿತ್ರಗಳ ಕಥೆಯಂತೂ ಇನ್ನೂ ಬೇರೆ. 1565ರಲ್ಲಿ ತಾಳಿಕೋಟೆ ಯುದ್ಧವಾಗಿ ವಿಜಯನಗರ ಬಿದ್ದ ಮೇಲೆ ಅಲ್ಲಿನ ಚಿತ್ರಗಾರರು ಚದುರಿದರು. ಕೆಲವರು ಈ ಕಡೆ ಬಂದರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಪಡೆದ ಮೇಲೆ ಅವರಿಗೆ ಇಲ್ಲಿ ಆಸರೆ ಸಿಕ್ಕಿತು. ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಲೆ ಮತ್ತೆ ಅರಳಿತು. 1861ರಲ್ಲಿ ಅವರು ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಈಗಲೂ ಆ ಕೈಗಳ ಕೆಲಸ ಇದೆ. ಆದರೆ ಹಳೆಯ ಮೈಸೂರು ಚಿತ್ರಗಳನ್ನು ಹತ್ತಿರದಿಂದ ನೋಡಿ. ಹೆಚ್ಚಿನವುಗಳ ಮೂಲೆಯಲ್ಲಿ ಬರೆದವರ ಹೆಸರು ಇಲ್ಲ. ಬಳೆಯ ಮೇಲೆ ಬಳೆ ಇಟ್ಟು, ರೇಕು ಒತ್ತಿ, ಕಣ್ಣಿಗೆ ಕೊನೆಯ ಚುಕ್ಕಿ ಇಟ್ಟು ಎದ್ದು ಹೋಗಿದ್ದಾರೆ. ಆ ಗೋಡೆಗಳ ಮುಂದೆ ನಿಂತಾಗ ನನಗೆ ಸಿಗುವ ಧೈರ್ಯ ಯಾವ ಮಾತಿನಿಂದಲೂ ಸಿಕ್ಕಿಲ್ಲ. ಅವರಲ್ಲೂ ಸುಸ್ತಾದವರು ಇದ್ದಿರಬೇಕು. ಅವರ ಗೆಸ್ಸೋವೂ ಮಳೆಗಾಲದಲ್ಲಿ ಒಣಗದೆ ಕಾಡಿರಬೇಕು.

ಮತ್ತೆ ಮಾರಯ್ಯನಿಗೆ ಬರುತ್ತೇನೆ. ಅವನ ಹೆಂಡತಿ ಲಕ್ಕಮ್ಮನನ್ನು ಬಿಟ್ಟರೆ ಈ ಬರಹ ಅರ್ಧ.

12ನೇ ಶತಮಾನದ ಕಲ್ಯಾಣದಲ್ಲಿ ಮಾರಯ್ಯನ ಕಾಯಕ ಅಂದರೆ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಅದರಲ್ಲೇ ಗಂಡ ಹೆಂಡತಿ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಕೇಳಿದಳು. "ಈಸಕ್ಕಿಯಾಸೆ ನಿಮಗೇಕೆ?" ಇಷ್ಟೊಂದು ಅಕ್ಕಿಯ ಆಸೆ ನಿಮಗ್ಯಾಕೆ? ಆಸೆ ಅರಸನಿಗಿರಲಿ, ನಮಗೇಕೆ ಅಂದಳು. ಎಂದಿನಷ್ಟೇ ಸಾಕು, ಉಳಿದದ್ದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂತ ಕಳಿಸಿದಳು ಅನ್ನುತ್ತದೆ ಕಥೆ.

ಇದನ್ನು ಓದಿ ಡೈರಿ ಮುಚ್ಚಿದೆ. 212 ಮಾತು. ನನ್ನ ಒಂದು ದಿನಕ್ಕೆ ಎಷ್ಟು ಬೇಕು? ಒಂದು. ಅದೂ ಆ ದಿನದ ಕೆಲಸಕ್ಕೆ ಹೊಂದುವಂಥದ್ದು. ಉಳಿದದ್ದೆಲ್ಲ ನಾನು ಒಟ್ಟುತ್ತಿದ್ದ ಅಕ್ಕಿ.

ಡೈರಿಯನ್ನು ಎಸೆಯಲಿಲ್ಲ. ಅದರಿಂದ ಮೂರು ಮಾತು ತೆಗೆದು ಕಿಟಕಿಯ ಪಕ್ಕ ಅಂಟಿಸಿದೆ. ಮಾರಯ್ಯನದು ಒಂದು. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಇನ್ನೊಂದು. ಗೆಸ್ಸೋದ ಕೆಲಸಕ್ಕೆ ಅದಕ್ಕಿಂತ ಅಕ್ಷರಶಃ ನಿಜವಾದ ಮಾತಿಲ್ಲ, ಹನಿ ಹನಿಯಾಗಿಯೇ ಕಿರೀಟ ಏಳುತ್ತದೆ. ಮೂರನೆಯದು "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಇದು ಹುರುಪಿನ ಮಾತಲ್ಲ, ಬೈಗುಳ ಅಂತ ಮಗಳು ಅಂದಳು. ನನಗೆ ಹಾಗನ್ನಿಸುವುದಿಲ್ಲ. ಬ್ರಷ್ಷು ಸರಿ ಇಲ್ಲ, ಬೆಳಕು ಸಾಲದು, ಈ ಗೋಂದು ಕಳಪೆ ಅಂತ ಮನಸ್ಸು ನೆಪ ಹುಡುಕುವಾಗ ಆ ಗಾದೆ ಕಂಡರೆ ಬೆನ್ನು ನೆಟ್ಟಗಾಗುತ್ತದೆ. ಪ್ರೀತಿಯಿಂದ ಗದರಿಸುವ ಹಿರಿಯರು ಮನೆಯಲ್ಲಿ ಇದ್ದ ಹಾಗೆ. ಆ ಕೆಳಗೆ ಅಮ್ಮನ ಚುಕ್ಕಿಯ ಮಾತು ಬರೆದು ಸೇರಿಸಿದೆ. ಅಲ್ಲಿಗೆ ನಾಲ್ಕು. ಜಾಗ ಇನ್ನೂ ಇದೆ, ಆದರೆ ಸೇರಿಸುತ್ತಿಲ್ಲ.

ಮಾತು ಕೆಲಸ ಮಾಡಬೇಕಾದರೆ ಅದನ್ನು ಯಾರು ಯಾರಿಗೆ ಯಾವಾಗ ಹೇಳಿದರು ಅನ್ನುವುದೂ ಮುಖ್ಯ ಅಂತ ಈಗ ಅನ್ನಿಸುತ್ತದೆ. ನಮ್ಮ ಊರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಇದ್ದರಲ್ಲ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಶಾಲೆಯಲ್ಲಿ ಒಂದು ದಿನ ಅವರು ಬರೆದ ಅರಳಿ ಎಲೆಯ ಚಿತ್ರ ನೋಡಿ ಮೇಷ್ಟ್ರು ಮೆಚ್ಚಿಕೊಂಡರಂತೆ. ತಾನೊಬ್ಬ ಚಿತ್ರಗಾರ ಆಗಬಹುದು ಅಂತ ಆ ಹುಡುಗನಿಗೆ ಅನ್ನಿಸಿದ್ದು ಅಲ್ಲಿಂದ. ಮುಂದೆ ಮುಂಬೈನ ಕಲಾಶಾಲೆಗೆ ಅರ್ಜಿ ಹಾಕಿದಾಗ, ನಮ್ಮಲ್ಲಿ ಸೇರುವಷ್ಟು ಪ್ರತಿಭೆ ನಿನ್ನ ಚಿತ್ರಗಳಲ್ಲಿ ಇಲ್ಲ ಅಂತ ಉತ್ತರ ಬಂತು. ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಬಿ.ಎ. ಓದಿದರು, ಕೊರವಂಜಿ ಅನ್ನುವ ಹಾಸ್ಯ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದರು, ಕಾಗೆ ಬರೆದರು, ಬರೆಯುತ್ತಲೇ ಹೋದರು. ದೊಡ್ಡ ಕಲಾಶಾಲೆಯ ಆ ಪತ್ರಕ್ಕಿಂತ ಒಂದು ಅರಳಿ ಎಲೆಯ ಬಗ್ಗೆ ಮೇಷ್ಟ್ರು ಆಡಿದ ಮಾತಿಗೆ ಬಲ ಜಾಸ್ತಿ ಇತ್ತು ಅಂತ ನನ್ನ ನಂಬಿಕೆ. ಯಾಕೆಂದರೆ ಆ ಮೇಷ್ಟ್ರು ಎಲೆಯನ್ನು ನೋಡಿ ಮಾತಾಡಿದರು. ಮಾತಿನ ಕೆಳಗೆ ಒಂದು ಚಿತ್ರ ಇತ್ತು.

ಅದಕ್ಕೇ ನಾನು ಈಗ ನಮ್ಮ ಭಾನುವಾರದ ಗುಂಪಿಗೆ ಬೆಳಗಿನ ಸುಭಾಷಿತ ಕಳಿಸುವುದು ನಿಲ್ಲಿಸಿದ್ದೇನೆ. ಅದರ ಬದಲು ಯಾರಾದರೂ ತಮ್ಮ ಹಲಗೆಯ ಫೋಟೋ ಹಾಕಿದರೆ ದೊಡ್ಡದು ಮಾಡಿ ನೋಡುತ್ತೇನೆ. ನೋಡಿ, ಕಂಡದ್ದನ್ನು ಹೇಳುತ್ತೇನೆ. "ಕೃಷ್ಣನ ಎಡಗಾಲ ಹೆಬ್ಬೆರಳು ಎಷ್ಟು ಚೆನ್ನಾಗಿ ಬಂದಿದೆ, ಒತ್ತಿ ನಿಂತ ಹಾಗಿದೆ" ಅಂತ ಕಳೆದ ತಿಂಗಳು ಒಬ್ಬರಿಗೆ ಬರೆದೆ. ನಿವೃತ್ತಿಯಾದ ಮೇಲೆ ಬ್ರಷ್ ಹಿಡಿದವರು. ಅವರು ಮರುದಿನ ಬಲಗಾಲಿನ ಫೋಟೋ ಕಳಿಸಿದರು.

ಮೇಷ್ಟ್ರ ಮಾತು ಯಾಕೆ ಹಿಡಿಯಿತು ಅನ್ನುವುದಕ್ಕೆ ಓದಿನಲ್ಲೂ ಒಂದು ಆಧಾರ ಸಿಕ್ಕಿತು. ಪೀಟರ್ ಗೋಲ್‌ವಿಟ್ಜರ್ ಅನ್ನುವ ಮನಃಶಾಸ್ತ್ರಜ್ಞರು 1999ರಲ್ಲಿ ಬರೆದ ಒಂದು ಲೇಖನ ಪ್ರಸಿದ್ಧ. ಬರೀ ಮಾಡುತ್ತೇನೆ ಅಂದುಕೊಳ್ಳುವವರಿಗಿಂತ, ಯಾವಾಗ, ಎಲ್ಲಿ, ಹೇಗೆ ಅಂತ ಮೊದಲೇ ನಿಶ್ಚಯಿಸಿಕೊಂಡವರು ಕೆಲಸ ಮುಗಿಸುವುದು ಜಾಸ್ತಿ ಅನ್ನುತ್ತಾರೆ. ಎರಡು ಬಳೆ, ಬರೆದು, ಮಲಗು. ಎಷ್ಟು ಅಂತ ಇದೆ, ಯಾವಾಗ ಅಂತ ಇದೆ. ಅಗ್ರಹಾರದ ಮಹಡಿಯಲ್ಲಿ ಕೂತ ಮೇಷ್ಟ್ರಿಗೆ ಅದು ಬೇರೆ ದಾರಿಯಿಂದ ಗೊತ್ತಿತ್ತು.

ಈಗ ನಾನು ಮಾಡುವುದು ಇಷ್ಟು. ರಾತ್ರಿ ಬ್ರಷ್ ತೊಳೆದಿಟ್ಟ ಮೇಲೆ, ನಾಳೆಯ ಕೆಲಸವನ್ನು ಒಂದು ಚೀಟಿಯಲ್ಲಿ ಬರೆದು ಹಲಗೆಗೆ ಸಿಕ್ಕಿಸಿ ಮಲಗುತ್ತೇನೆ. ಒಂದೇ ಸಾಲು. ಮೊದಲ ವಾರದ ಚೀಟಿಗಳಲ್ಲಿ ಬರೀ ಬಳೆ. ಆಮೇಲೆ ಸರ, ಸೊಂಟದ ಪಟ್ಟಿ, ವೀಣೆಯ ಮೆಟ್ಟಿಲು. ನಡುವೆ ಎರಡು ವಾರ ಮಗಳಿಗೆ ಜ್ವರ ಬಂದು ಏನೂ ಆಗಲಿಲ್ಲ. ಹಿಂದೆಲ್ಲ ಹಾಗೆ ಬಿಟ್ಟುಹೋದರೆ ಮತ್ತೆ ಶುರು ಮಾಡಲು ಒಂದು ದೊಡ್ಡ ಮಾತು ಬೇಕಾಗುತ್ತಿತ್ತು. ಈ ಸಲ ಚೀಟಿ ಕಾಯುತ್ತಾ ಇತ್ತು. "ವೀಣೆ, ಮೇಲಿನಿಂದ ಐದನೇ ಮೆಟ್ಟಿಲು." ಕೂತೆ, ಇಟ್ಟೆ.

ರೇಕು ಒತ್ತುವ ದಿನ ಹಲಗೆಯನ್ನು ಮೇಷ್ಟ್ರ ಮನೆಗೇ ತೆಗೆದುಕೊಂಡು ಹೋದೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿದರು. ರೇಕು ಉಸಿರಿಗೂ ಹಾರುತ್ತದೆ. ಕಿರೀಟದ ಮೇಲೆ ಮೊದಲ ತುಂಡು ಕೂರಿಸಿ, ಹತ್ತಿಯಿಂದ ಮೆಲ್ಲಗೆ ಒತ್ತಿದಾಗ, ಕೆಳಗಿದ್ದ ಒಂದೊಂದು ಹನಿಯೂ ಚಿನ್ನವಾಗಿ ಎದ್ದು ಬಂತು. ಎಂಟು ತಿಂಗಳು ನಿಂತಿದ್ದ ಅರ್ಧ ಮತ್ತು ಆಮೇಲೆ ಇಟ್ಟ ಅರ್ಧ ಬೇರೆ ಬೇರೆ ಅಂತ ನನಗೆ ಮಾತ್ರ ಗೊತ್ತಾಗುತ್ತಿತ್ತು. ಮೇಷ್ಟ್ರು ಕನ್ನಡಕ ಮೇಲಕ್ಕೆ ಸರಿಸಿ ಹತ್ತಿರದಿಂದ ನೋಡಿದರು.

"ಎಡಗೈ ನಾಲ್ಕನೇ ಬಳೆ ಚೆನ್ನಾಗಿದೆ" ಅಂದರು.

ಈಗ ಬಣ್ಣ ನಡೆಯುತ್ತಿದೆ. ಸೀರೆ ಮುಗಿದಿದೆ, ಮುಖ ಕೊನೆಗೆ. ಇವತ್ತಿನ ಚೀಟಿ ಇನ್ನೂ ಹಲಗೆಯ ಮೂಲೆಯಲ್ಲಿದೆ. ಇದನ್ನು ಬರೆದು ಮುಗಿಸಿ ಅಲ್ಲಿಗೆ ಹೋಗಬೇಕು.

"ನವಿಲಿನ ಕಾಲು. ಕಂದು ಬಣ್ಣ, ನೀರು ಸ್ವಲ್ಪ ಜಾಸ್ತಿ."